ಅಲ್ಮಾಸಬಿ ಯಾಕೆ ನೀರು ಕುಡಿಯುತ್ತಿರಲಿಲ್ಲ

ಲಕ್ಷ್ಮೇಶ್ವರದಲ್ಲಿ ತಗಡಿನ ಮಾಡು ಕಾದು ಮನೆಯೊಳಗೆ ಕೂರಲಾಗದಂಥ ಬೇಸಿಗೆಯಲ್ಲೂ ಅಲ್ಮಾಸಬಿ ನೀರಿನ ತಂಬಿಗೆಯನ್ನು ದೂರ ಸರಿಸುತ್ತಿದ್ದಳು. ಸೊಸೆ ಆಯೇಶಾ ತಂದು ಕೈಗೆ ಕೊಟ್ಟರೆ ತುಟಿ ಒದ್ದೆ ಮಾಡಿಕೊಂಡು ಕೆಳಗಿಡುವುದು ಅವಳ ರೂಢಿ.

"ಪೂರಾ ಕುಡೀರಿ ಅತ್ತಿ. ಬಿಸಲು ಹ್ಯಾಂಗ ಸುಡಾಕತ್ತೈತಿ ನೋಡ್ರಿ."

"ನನಗ ನೀರಡಿಕಿ ಆಗೂದ ಕಮ್ಮಿ ಬಿಡವಾ."

ಅದು ಖರೆ ಅಲ್ಲ. ನೀರಡಿಕೆ ಆಗುತ್ತಿತ್ತು, ಗಂಟಲು ಒಣಗುತ್ತಿತ್ತು. ಆದರೆ ಕುಡಿದ ನೀರು ಹೊರಗೆ ಬರಲೇಬೇಕಲ್ಲ, ಅವಳ ಭಯ ಇದ್ದದ್ದು ಅಲ್ಲಿ. ಕೆಲವು ವರ್ಷಗಳಿಂದ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ, ತುಂಬಿದ ಕೊಡ ಎತ್ತಿದರೆ ಅವಳ ಹಿಡಿತ ತಪ್ಪಿ ಒಂದಿಷ್ಟು ಮೂತ್ರ ಹೋಗಿಬಿಡುತ್ತಿತ್ತು. ಮೊದಲು ಹನಿ ಹನಿ. ಆಮೇಲೆ ಬಟ್ಟೆ ಒದ್ದೆಯಾಗುವಷ್ಟು. ಐದು ಹೆತ್ತವಳು, ಮುಟ್ಟು ನಿಂತು ಎಷ್ಟೋ ವರ್ಷಗಳಾದವಳು. ವಯಸ್ಸಾಯಿತು, ಇನ್ನು ಹೀಗೇ ಎಂದು ತನಗೆ ತಾನೇ ತೀರ್ಮಾನ ಕೊಟ್ಟುಕೊಂಡಳು. ಯಾರಿಗೂ ಹೇಳಲಿಲ್ಲ.

ಹೇಳದೆ ಇರುವುದಕ್ಕೆ ಬಹಳ ಕೆಲಸ ಹಿಡಿಯುತ್ತದೆ. ಅಲ್ಮಾಸಬಿ ತಿಳಿ ಬಣ್ಣದ ಸೀರೆ ಉಡುವುದನ್ನು ಬಿಟ್ಟಳು. ಹಳೆಯ ನೂಲಿನ ಬಟ್ಟೆ ಹರಿದು ಮಡಿಕೆ ಮಾಡಿ ಇಟ್ಟುಕೊಳ್ಳುತ್ತಿದ್ದಳು. ಅದನ್ನು ಒಗೆದು ಬೇರೆ ಬಟ್ಟೆಯ ಕೆಳಗೆ ಮುಚ್ಚಿ ಒಣಗಿಸುತ್ತಿದ್ದಳು. ಗದಗಿಗೆ ಹೋಗಬೇಕಾದರೆ ಹಿಂದಿನ ಸಂಜೆಯಿಂದಲೇ ನೀರು ಬಂದ್. ಮದುವೆಗೆ ಹೋದರೆ ಬಚ್ಚಲು ಎಲ್ಲಿದೆ ಎಂದು ಮೊದಲು ನೋಡಿ, ಅದರ ಹತ್ತಿರವೇ ಕುಳಿತುಕೊಳ್ಳುವಳು. ಮುಂದೆ ಮದುವೆಗೆ ಹೋಗುವುದೂ ನಿಂತಿತು. ಮಾತಿನಲ್ಲಿ ಓಣಿಯನ್ನೇ ನಗಿಸುತ್ತಿದ್ದ ಹೆಂಗಸು ನಗು ಬಂದರೆ ಸೆರಗು ಬಾಯಿಗಿಟ್ಟು ಒಳಗೆ ಹೋಗುವಂತಾದಳು.

ಗಂಡ ಮುರ್ತುಜಾನ ಪಕ್ಕದಲ್ಲಿದ್ದ ತನ್ನ ಹಾಸಿಗೆಯನ್ನು ಬೇರೆ ಕೋಣೆಯಲ್ಲಿ ಹಾಕಿಸಿಕೊಂಡಳು. ನಿಮ್ಮ ಗೊರಕೆ ಜಾಸ್ತಿ ಎಂದು ಕಾರಣ ಕೊಟ್ಟಳು. ಇಷ್ಟು ವರ್ಷ ಇಲ್ಲದ ಗೊರಕೆ ಈಗ ಎಲ್ಲಿಂದ ಬಂತು ಎಂದು ಮುರ್ತುಜಾನಿಗೆ ಅನ್ನಿಸಿತು. ಏನೋ ತಪ್ಪು ಮಾಡಿರಬೇಕು ಅಂದುಕೊಂಡು ಸುಮ್ಮನಾದ. ಅಲ್ಮಾಸಬಿ ನಮಾಜಿಗೆ ನಿಂತಾಗ ಒಂದು ಕೆಮ್ಮು ಬಂದರೆ ಮತ್ತೆ ಬಟ್ಟೆ ಬದಲಿಸಬೇಕು, ಮತ್ತೆ ಕೈಕಾಲು ಮುಖ ತೊಳೆದು ವಜೂ ಮಾಡಬೇಕು. ಹೀಗೆ ಎಷ್ಟು ಸಲ ಎಂದು ಅವಳು ಅದನ್ನೂ ಕಡಿಮೆ ಮಾಡಿದಳು. ಯಾರಾದರೂ ಕೇಳಿದರೆ ಎಲ್ಲದಕ್ಕೂ ಒಂದೇ ಉತ್ತರವಿತ್ತು. ಮೊಣಕಾಲು.

ಆ ಮನೆಯವರದು ಗಾದಿ ಮಾಡುವ ಕೆಲಸ. ಹತ್ತಿ ಹಿಂಜುವ ಯಂತ್ರವನ್ನು ಮಗ ಮುಸ್ತಾಕ ನೋಡಿಕೊಳ್ಳುತ್ತಿದ್ದ, ಗಾದಿಗೆ ಹೊಲಿಗೆ ಹಾಕುವುದು ಅಲ್ಮಾಸಬಿಯ ಪಾಲು. ಅವಳಿಗೆ ಇನ್ನೊಂದು ಹೊಣೆಯೂ ಇತ್ತು. ಜಮಾತಿನಲ್ಲಿ ಯಾವ ಹೆಣ್ಣುಮಗಳು ತೀರಿಕೊಂಡರೂ ಕೊನೆಯ ಸ್ನಾನ ಮಾಡಿಸಲು ಅವಳನ್ನೇ ಕರೆಯುತ್ತಿದ್ದರು. ಅದು ಸುಮ್ಮನೆ ನೀರು ಹಾಕುವ ಕೆಲಸವಲ್ಲ. ಮೈ ಮೇಲಿನ ಮರೆ ಸರಿಯದಂತೆ ಹಗುರವಾಗಿ ತಿರುಗಿಸಬೇಕು, ಕೂದಲು ಬಿಡಿಸಬೇಕು. ಜೀವ ಇದ್ದವರನ್ನು ಹಿಡಿದಂತೆಯೇ ಹಿಡಿಯಬೇಕು. ಅಲ್ಮಾಸಬಿ ಅದನ್ನು ತನ್ನ ಅತ್ತೆಯಿಂದ ಕಲಿತಿದ್ದಳು. ಅವಳು ಬಂದಳು ಎಂದರೆ ಸತ್ತವರ ಮನೆಯವರಿಗೆ ಅರ್ಧ ಸಮಾಧಾನವಾಗುತ್ತಿತ್ತು.

ಒಂದು ಚಳಿಗಾಲದಲ್ಲಿ ಶಿರಹಟ್ಟಿಯಿಂದ ಖಬರ ಬಂತು. ಮುರ್ತುಜಾನ ತಮ್ಮ ಶೇಖಸಾಬನ ಹೆಂಡತಿ ಜೈತುನಬಿ ತೀರಿಕೊಂಡಿದ್ದಳು. ಜ್ವರ ಬಂದಿತ್ತು. ಮನೆಯಲ್ಲೇ ಗುಳಿಗೆ ಕೊಟ್ಟು ಕಾದರು, ಜ್ವರ ಇಳಿಯಲಿಲ್ಲ, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಬಹಳ ತಡವಾಗಿತ್ತು. ಜೈತುನಬಿ, ಅಲ್ಮಾಸಬಿ ಇಬ್ಬರೂ ಒಂದೇ ವರ್ಷ ಆ ಮನೆಗೆ ಸೊಸೆಯಾಗಿ ಬಂದವರು. ಬೇರೆಯಾಗುವ ತನಕ ಒಂದೇ ಒಲೆಯ ಮುಂದೆ ರೊಟ್ಟಿ ಬಡಿದವರು.

ಅಲ್ಮಾಸಬಿ ಹೋದಳು. ಅಂಗಳದಲ್ಲಿ ನೀರು ಕಾಯುತ್ತಿತ್ತು. ಕರ್ಪೂರ, ಹತ್ತಿ, ಬಿಳಿ ಬಟ್ಟೆ ಎಲ್ಲ ತಂದಿಟ್ಟಿದ್ದರು.

"ಅಲ್ಮಾಸಬಿ ಬಂದ್ಲು, ಇನ್ನ ಚಿಂತಿಲ್ಲ," ಎಂದಳು ಒಬ್ಬಳು ಮುದುಕಿ.

ಅಲ್ಮಾಸಬಿ ಗೋಡೆಗೆ ಆತು ಕುಳಿತಳು. ಬರುವಾಗ ಬಸ್ಸು ಗುಂಡಿಯಲ್ಲಿ ಹಾರಿ ಅವಳ ಬಟ್ಟೆ ಆಗಲೇ ಒದ್ದೆಯಾಗಿತ್ತು. ಈಗ ಬಗ್ಗಿ ಆ ದೇಹ ಎತ್ತಿದರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅಷ್ಟು ಶುದ್ಧವಾಗಿ ಇಟ್ಟ ನೀರಿನ ಪಕ್ಕ, ಜೈತುನಬಿಯ ಪಕ್ಕ, ಈ ಮೈಯಲ್ಲಿ ನಿಲ್ಲುವುದು ಹೇಗೆ?

"ನನ್ನ ಮೊಣಕಾಲು ಬಗ್ಗವಲ್ದು. ನೀವ ಮಾಡ್ರಿ," ಎಂದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರು ಎದ್ದು ಮಾಡಿಸಿದರು. ಅವರಿಗೆ ರೂಢಿ ಇರಲಿಲ್ಲ, ತಡವರಿಸಿದರು. ಕುಳಿತಲ್ಲಿಂದಲೇ ಹೇಳಿಕೊಡಬಹುದಿತ್ತು, ಅಲ್ಮಾಸಬಿಗೆ ಅದೂ ಆಗಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಶೇಖಸಾಬ ಅವಳ ಎದುರಿಗೆ ನಿಂತ. "ಭಾಬಿ, ಊರ ಮಂದಿಗೆಲ್ಲಾ ಬಗ್ಗಿದ ಮೊಣಕಾಲು ನನ್ನ ಮನಿಗೆ ಬಗ್ಗಲಿಲ್ಲಲ್ಲ," ಎಂದ. ಅಷ್ಟೇ ಹೇಳಿ ಒಳಗೆ ಹೋದ. ಆಮೇಲೆ ಅಣ್ಣನ ಮನೆಗೆ ಬರುವುದನ್ನೇ ಬಿಟ್ಟ.

ಅಲ್ಮಾಸಬಿ ಇದಕ್ಕೆ ಕಂಡುಕೊಂಡ ಮದ್ದು ಒಂದೇ. ನೀರು ಇನ್ನಷ್ಟು ಕಡಿಮೆ ಮಾಡಿದಳು. ಬೇಸಿಗೆ ಬಂತು. ಮೂತ್ರ ಹಳದಿಯಾಗಿ, ಕಡು ಹಳದಿಯಾಗಿ, ಕೊನೆಗೆ ಉರಿ ಶುರುವಾಯಿತು. ನೀರು ಕಡಿಮೆಯಾದರೆ ಸೋರುವುದೂ ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಮೊದಲಿಗಿಂತ ಅವಸರ ಹೆಚ್ಚಿತು, ಬಚ್ಚಲು ಮುಟ್ಟುವ ಮೊದಲೇ ಹೋಗುವಂತಾಯಿತು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಾದಿ ಹೊಲಿಯುತ್ತಿದ್ದವಳು ಎದ್ದು ನಿಂತಳು. ಕಣ್ಣಿಗೆ ಕತ್ತಲೆ ಕಟ್ಟಿತು, ಬಿದ್ದಳು. ಹಿಂಜಿ ಒಟ್ಟಿದ್ದ ಹತ್ತಿಯ ಮೇಲೆ ಬಿದ್ದದ್ದರಿಂದ ತಲೆ ಉಳಿಯಿತು. ಮುಸ್ತಾಕ ಎತ್ತಿಕೊಂಡು ಮನೆಗೆ ತಂದ. ಮೈ ಕೆಂಡದಂತೆ ಸುಡುತ್ತಿತ್ತು. ಆಯೇಶಾ ಬಾಗಿಲು ಮುಚ್ಚಿ ಅತ್ತೆಯ ಬಟ್ಟೆ ಬದಲಿಸಿದಳು. ಆಗ ಅವಳಿಗೆ ಎಲ್ಲ ಕಂಡಿತು. ಹೊರಗೆ ಬಂದು ಪಕ್ಕದ ಮನೆಯ ನೀಲಗಂಗವ್ವನನ್ನು ಕರೆದಳು.

ನೀಲಗಂಗವ್ವ ಯಳವತ್ತಿ ಊರಿನ ಮಗಳು. ಮದುವೆಯಾಗಿ ಬಂದಾಗಿನಿಂದ ಅವಳ ಮನೆಗೂ ಅಲ್ಮಾಸಬಿಯ ಮನೆಗೂ ನಡುವೆ ಇದ್ದದ್ದು ಒಂದು ಗೋಡೆ. ಇಬ್ಬರ ಮಕ್ಕಳೂ ಎರಡು ಮನೆಯಲ್ಲೂ ಉಂಡು ಬೆಳೆದಿದ್ದರು. ಅವಳು ಬಂದು ಹಾಸಿಗೆಯ ಪಕ್ಕ ಕುಳಿತಳು. ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ.

"ಉಚ್ಚಿ ತಡ್ಯಾಕ ಆಗವಲ್ದು, ಹೌದಿಲ್ಲೋ?"

ಅಲ್ಮಾಸಬಿ ಮುಖ ಗೋಡೆಗೆ ತಿರುಗಿಸಿದಳು. "ಏನ್ ಮಾತಾಡ್ತಿ ನೀ? ಬಿಸಲು ಬಡದೈತಿ, ಅಷ್ಟ."

"ಬಿಸಲು ಬಡದ್ರ ಬಟ್ಟಿ ಯಾಕ ಮುಚ್ಚಿ ಒಣಗಸ್ತಿ? ನಾ ಮಾಳಗಿ ಮ್ಯಾಗಿಂದ ದಿನಾ ನೋಡ್ತೀನಿ."

"ನೋಡಿದ್ರ ಸುಮ್ನಿರು. ವಯಸ್ಸಾದ ಮ್ಯಾಲ ಎಲ್ಲಾರಿಗೂ ಇರೂದ. ಅದಕ್ಕ ಯಾರ ಏನ್ ಮಾಡಾಕ ಬರತೈತಿ?"

"ವಯಸ್ಸಾತಂತ ಕಣ್ಣು ಮಸುಕಾದುವು. ಚಾಳೀಸ ಹಾಕ್ಕೊಂಡಿ ಇಲ್ಲೋ? ಹಲ್ಲು ನೋವಾದಾಗ ಕೀಳಿಸಿಕೊಂಡಿ. ಇದಕ್ಕಷ್ಟ ಯಾಕ ವಯಸ್ಸಾತು ಅಂತ ಕುಂತಿ?"

"ಹಲ್ಲು ತೋರಸಾಕ ನಾಚಿಕಿ ಇಲ್ಲ ನೀಲಾ," ಎಂದಳು ಅಲ್ಮಾಸಬಿ. "ಇದನ್ನ ಯಾರ ಮುಂದ ಹೇಳ್ಲಿ? ಗಂಡಸ ಡಾಕ್ಟರ ಮುಂದ ಹೇಳ್ಲೋ? ಮಗನ ಮುಂದ ಹೇಳ್ಲೋ?"

ನೀಲಗಂಗವ್ವ ಬಾಗಿಲ ಕಡೆ ಒಮ್ಮೆ ನೋಡಿ ಹತ್ತಿರ ಸರಿದಳು. ಆಮೇಲೆ ತನ್ನ ಮಾತು ತೆಗೆದಳು. ಕಿರಿಯ ಮಗ ವೀರು ಹುಟ್ಟಿದ ಮೇಲೆ ಅವಳ ಗರ್ಭಕೋಶ ಕೆಳಗೆ ಇಳಿದಿತ್ತು. ನಡೆದರೆ ಕೈಗೆ ಹತ್ತುವಷ್ಟು. ಕೈಯಿಂದ ಒಳಗೆ ಒತ್ತಿಕೊಂಡು ಹೊಲಕ್ಕೆ ಹೋಗುತ್ತಿದ್ದಳು, ನೀರು ತರುತ್ತಿದ್ದಳು. ವೀರು ಕಾಲೇಜು ಮುಗಿಸುವ ತನಕ ಹಾಗೆಯೇ ಬದುಕಿದಳು. ಕೊನೆಗೆ ಒಂದು ದಿನ ಮೂತ್ರವೇ ಕಟ್ಟಿ ಒದ್ದಾಡಿದಾಗ ಗದಗಿನ ದೊಡ್ಡ ಆಸ್ಪತ್ರೆಗೆ ಒಯ್ದರು. ಅಲ್ಲಿ ಆಪರೇಷನ್ ಆಯಿತು.

"ಅವತ್ತ ನೀ ನನಗ ಹೊಟ್ಟ್ಯಾಗ ಗಡ್ಡಿ ಆಗೈತಿ ಅಂದಿದ್ದಿ!" ಅಲ್ಮಾಸಬಿ ಎದ್ದು ಕೂರಲು ನೋಡಿದಳು.

"ಅಂದಿದ್ನಿ. ಖರೆ ಹೇಳಾಕ ನನಗೂ ನಾಚಿಕಿ ಬಂದಿತ್ತು. ಅಷ್ಟ ವರ್ಷ ನಾ ಅನುಭವಿಸಿದ್ದು ಸುಮ್ನ ಹೋತು ನೋಡು, ಯಾರಿಗೂ ಉಪಯೋಗ ಇಲ್ಲದಂಗ. ಡಾಕ್ಟರಬಾಯಿ ನನಗ ಬೈದ್ಲು. ಆಪರೇಷನ್ನಿಗೆ ಅಲ್ಲ, ಇಷ್ಟು ದಿನ ಯಾಕ ಮುಚಗೊಂಡಿ ಅಂತ. ನಾಳಿ ನಾನೂ ಬರ್ತೀನಿ. ಇಲ್ಲೇ ಸರ್ಕಾರಿ ದವಾಖಾನ್ಯಾಗ ಹೆಣ್ಣಮಗಳ ಡಾಕ್ಟರ ಅದಾಳ. ಎದ್ದ ನಿಂದ್ರು ಅಷ್ಟ."

ಮರುದಿನ ಇಬ್ಬರೂ ಹೋದರು. ಜ್ವರ ಇನ್ನೂ ಇತ್ತು. ಡಾಕ್ಟರ್ ಅಂಕಿತಾ ಚಿಕ್ಕ ವಯಸ್ಸಿನವಳು, ತನ್ನ ಮೊಮ್ಮಗಳಂತೆ ಕಾಣುತ್ತಾಳಲ್ಲ ಎಂದು ಅಲ್ಮಾಸಬಿಗೆ ಮತ್ತಷ್ಟು ಸಂಕೋಚವಾಯಿತು. ಏನಾಗುತ್ತದೆ ಎಂದು ಕೇಳಿದಾಗ, "ಮೈಕೈ ನೋವು, ಮೊಣಕಾಲು," ಎಂದಳು. ನೀಲಗಂಗವ್ವ ಅವಳ ಬೆನ್ನಿಗೆ ಮೆಲ್ಲಗೆ ತಿವಿದಳು. ಡಾಕ್ಟರ್ ಅದನ್ನು ನೋಡಿ, ಕೋಣೆಯಲ್ಲಿದ್ದ ಉಳಿದವರನ್ನು ಹೊರಗೆ ಕಳಿಸಿ ಪರದೆ ಎಳೆದಳು.

"ಅವ್ವಾರ, ನಾ ದಿನಾ ಇಂಥಾ ಮಾತ ಕೇಳ್ತೀನಿ. ಹೇಳ್ರಿ."

ಆಗ ಅಲ್ಮಾಸಬಿ ಹೇಳಿದಳು. ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಹಾಸಿಗೆ ಬೇರೆ ಮಾಡಿದ್ದು, ನಮಾಜು ತಪ್ಪಿದ್ದು, ಶಿರಹಟ್ಟಿಯ ಅಂಗಳದಲ್ಲಿ ಕುಳಿತದ್ದು ಎಲ್ಲ ಬಂತು. ಡಾಕ್ಟರ್ ನಡುವೆ ಬಾಯಿ ಹಾಕಲಿಲ್ಲ. ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ ಮಾಡಿಸಿದಳು. ಒಳಗೆ ಪರೀಕ್ಷೆ ಮಾಡಿ ನೋಡಿದಳು. ಗರ್ಭಕೋಶ ಇಳಿದಿರಲಿಲ್ಲ, ಸಕ್ಕರೆ ಕಾಯಿಲೆ ಇರಲಿಲ್ಲ. ಮೂತ್ರದಲ್ಲಿ ಸೋಂಕು ಇತ್ತು, ಜ್ವರ ಅದರಿಂದಲೇ ಬಂದಿತ್ತು.

"ಇನ್ನೂ ಕೆಲವ ದಿನ ಬಿಟ್ಟಿದ್ರ ಕಿಡ್ನಿಗೆ ಏರತಿತ್ತು. ವಯಸ್ಸಾದವರಿಗೆ ರಕ್ತಕ್ಕ ಸೇರಿ ಜೀವಕ್ಕ ಕುತ್ತು ಬರತೈತಿ," ಎಂದಳು ಡಾಕ್ಟರ್. "ಯಾಕಾತು ಗೊತ್ತೇನ್ರಿ? ನೀವು ನೀರು ಬಿಟ್ರಿ ಅದಕ್ಕ. ನೀರು ಕಮ್ಮಿ ಆದ್ರ ಮೂತ್ರ ದಪ್ಪ ಆಕ್ಕೈತಿ, ಮೂತ್ರದ ಚೀಲಕ್ಕ ಉರಿ ಹತ್ತತೈತಿ. ಉರಿ ಹತ್ತಿದ ಚೀಲ ಮತ್ತ ಮತ್ತ ಅವಸರ ಮಾಡ್ತೈತಿ. ನೀವು ಸೋರಬಾರದಂತ ಮಾಡಿದ್ದ ಸೋರೂದನ್ನ ಜಾಸ್ತಿ ಮಾಡ್ತು."

"ಮತ್ತ ಸೋರೂದು ಹ್ಯಾಂಗ ನಿಲ್ಲತೈತ್ರಿ?"

ಡಾಕ್ಟರ್ ಎರಡೂ ಅಂಗೈಗಳನ್ನು ಜೋಡಿಸಿ ಬೊಗಸೆಯಂತೆ ಹಿಡಿದು ತೋರಿಸಿದಳು. ಹೊಟ್ಟೆಯ ಕೆಳಗೆ ಹೀಗೆ ಬೊಗಸೆಯ ಹಾಗೆ ಸ್ನಾಯುಗಳಿವೆ, ಮೂತ್ರದ ಚೀಲವನ್ನು ಅವೇ ಹಿಡಿದಿರುತ್ತವೆ. ಹೆರಿಗೆಯಲ್ಲಿ ಅವು ಹಿಗ್ಗುತ್ತವೆ, ಮುಟ್ಟು ನಿಂತ ಮೇಲೆ ಇನ್ನೂ ಸಡಿಲವಾಗುತ್ತವೆ. ಕೈಕಾಲಿನ ಸ್ನಾಯುವಿನಂತೆ ಅವನ್ನೂ ಗಟ್ಟಿ ಮಾಡಬಹುದು ಎಂದಳು.

"ಮೂತ್ರ ಬಂದಾಗ ಬಿಗಿ ಹಿಡೀತೀರಲ್ಲ, ಹಂಗ ಒಳಗಿಂದ ಮ್ಯಾಲ ಎಳೀರಿ. ಐದು ಎಣಿಸೂ ತನಕ ಹಿಡೀರಿ, ಮೆಲ್ಲಕ ಬಿಡ್ರಿ. ಉಸಿರು ಕಟ್ಟಬ್ಯಾಡ್ರಿ, ಹೊಟ್ಟಿ ಬಿಗಿ ಮಾಡಬ್ಯಾಡ್ರಿ. ಹತ್ತು ಸಲ ಮಾಡ್ರಿ. ದಿನಕ್ಕ ಮೂರು ಹೊತ್ತು. ಮೂತ್ರ ಮಾಡೂ ಮುಂದ ಮಾತ್ರ ಇದನ್ನ ಮಾಡಾಕ ಹೋಗಬ್ಯಾಡ್ರಿ. ಮತ್ತ ಚಹಾ ಎಷ್ಟ ಕುಡೀತೀರಿ?"

ನೀರಿಗೆ ಬದಲು ಅವಳು ಕುಡಿಯುತ್ತಿದ್ದದ್ದು ಚಹಾ. ಅದನ್ನು ಕಡಿಮೆ ಮಾಡಲು ಹೇಳಿದಳು. ಮಲಬದ್ಧತೆಯಿಂದಲೂ ಸೋರುವುದು ಹೆಚ್ಚಾಗುತ್ತದೆ, ಕಾಯಿಪಲ್ಯ ತಿನ್ನಬೇಕು ಎಂದಳು. ಮಲಗುವ ಹೊತ್ತಿಗೆ ಬೇಡ, ಆದರೆ ಹಗಲೆಲ್ಲ ಆಗಾಗ ನೀರು ಕುಡಿಯಲೇಬೇಕು. ಸೋಂಕಿಗೆ ಕೊಟ್ಟ ಗುಳಿಗೆಯನ್ನು ಜ್ವರ ಬಿಟ್ಟಿತು ಎಂದು ಅರ್ಧಕ್ಕೆ ನಿಲ್ಲಿಸಬಾರದು.

"ಆಪರೇಷನ್ ಇಲ್ಲೇನ್ರಿ?"

"ಮೊದಲು ಇದನ್ನ ಮಾಡ್ರಿ. ಭಾಳ ಮಂದಿಗೆ ಇದರಾಗ ಆರಾಮ ಆಕ್ಕೈತಿ. ಆಗಲಿಲ್ಲಂದ್ರ ಮುಂದ ದಾರಿ ಅದಾವು. ಆದ್ರ ನಾಳೀನ ನಿಲ್ಲತೈತಿ ಅಂತ ತಿಳೀಬ್ಯಾಡ್ರಿ. ಮೂರು ತಿಂಗಳು ಬಿಡದಂಗ ಮಾಡಬೇಕು."

ಮನೆಗೆ ಬಂದ ಮೇಲೆ ಮುರ್ತುಜಾ ಕೇಳಿದ, ಡಾಕ್ಟರ್ ಏನಂದರು ಎಂದು. ಮೊಣಕಾಲು ಎನ್ನುವ ಮಾತು ಅಲ್ಮಾಸಬಿಯ ಬಾಯಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು. ಆಯೇಶಾ ಒಳಗೆ ಹೋದ ಮೇಲೆ, ತಲೆ ಎತ್ತದೆ, ಇದ್ದದ್ದನ್ನು ಹೇಳಿದಳು.

ಮುರ್ತುಜಾ ಅವಳ ಪಕ್ಕ ಬಂದು ಕುಳಿತ. "ಅದಕ್ಕ ಹಾಸಿಗಿ ಬ್ಯಾರೆ ಹಾಕ್ಕೊಂಡೇನ?" ಎಂದ.

"ಹೂಂ."

"ನನ್ನ ಮ್ಯಾಲ ಸಿಟ್ಟಂತ ತಿಳಿದಿದ್ನಲ್ಲ. ಗೊರಕಿ ಹೊಡೀತೀನಂತ ಒಂದಿಷ್ಟ ದಿನ ಮಗ್ಗಲ ಮ್ಯಾಲ ಮಲಗಿ ನೋಡಿದ್ನಿ."

ಆಮೇಲೆ ಅವನೂ ತಲೆ ಎತ್ತದೆ ಹೇಳಿದ. "ನಿಂದು ನಿಲ್ಲವಲ್ದು. ನಂದು ಬರವಲ್ದು. ಬಚ್ಚಲದಾಗ ನಿಂತ ನಿಂತ ಕಾಲು ಜೋಮು ಹಿಡೀತಾವ. ಬಂದ್ರೂ ದಾರದಂಗ ಬರತೈತಿ. ಮುಗೀತಂತ ಹೊರಗ ಬಂದ್ರ ಮತ್ತ ಹನಿ."

ಅಲ್ಮಾಸಬಿ ಅವನ ಮುಖ ನೋಡಿದಳು. "ಎಷ್ಟ ದಿನ ಆತು?"

"ಎರಡು ರಮಜಾನ್ ಆತು."

ಅವಳಿಗೆ ಮೊದಲು ಗಾಬರಿಯಾಯಿತು, ಆಮೇಲೆ ನಗು ಬಂತು. ಒಂದೇ ಮನೆಯಲ್ಲಿ, ಒಂದೇ ಬಚ್ಚಲಿನ ವಿಷಯವನ್ನು ಗಂಡ ಹೆಂಡತಿ ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಕುಳಿತಿದ್ದರು. ಅವಳು ಜೋರಾಗಿ ನಕ್ಕಳು, ಬಟ್ಟೆ ಒದ್ದೆಯಾಯಿತು, ಆದರೂ ನಗು ನಿಲ್ಲಲಿಲ್ಲ. ಒಳಗಿನಿಂದ ಬಂದು ನೋಡಿದ ಆಯೇಶಾ ಏನೂ ತಿಳಿಯದೆ ತಾನೂ ನಕ್ಕಳು. ಮರುವಾರ ಮುಸ್ತಾಕ ಅಪ್ಪನನ್ನು ಗದಗಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಮೂತ್ರದ ದಾರಿಯನ್ನು ಒತ್ತುತ್ತದೆ, ಅದಕ್ಕೂ ಗುಳಿಗೆ ಇದೆ ಎಂದು ಅಲ್ಲಿ ತಿಳಿಸಿದರು. ಪರೀಕ್ಷೆ ಮಾಡಿ, ಕೆಟ್ಟದ್ದೇನೂ ಇಲ್ಲ ಎಂದು ಹೇಳಿ ಕಳಿಸಿದರು. ನಮಾಜಿನ ಬಗ್ಗೆಯೂ ಮುರ್ತುಜಾ ಮಸೀದಿಯ ಹಿರಿಯರನ್ನು ಕೇಳಿ ಬಂದ. ಇಂಥ ಕಾಯಿಲೆಯವರಿಗೆ ಧರ್ಮದಲ್ಲಿ ಸವಲತ್ತು ಇದೆ, ನಮಾಜು ಬಿಡುವ ಕಾರಣವೇ ಇಲ್ಲ ಎಂದು ಅವರು ಹೇಳಿದ್ದರು. ಅದನ್ನು ಕೇಳಿ ಅಲ್ಮಾಸಬಿ ಬಹಳ ಹೊತ್ತು ಅತ್ತಳು.

ಸೋಂಕು ಬೇಗ ವಾಸಿಯಾಯಿತು. ವ್ಯಾಯಾಮ ಅಷ್ಟು ಸುಲಭವಿರಲಿಲ್ಲ. ಯಾವುದನ್ನು ಎಳೆಯಬೇಕು ಎಂಬುದೇ ಮೊದಲು ತಿಳಿಯಲಿಲ್ಲ. ಹೊಟ್ಟೆ ಬಿಗಿಯುತ್ತಿತ್ತು, ಉಸಿರು ಕಟ್ಟುತ್ತಿತ್ತು. ಒಂದು ತಿಂಗಳಾದರೂ ಕೆಮ್ಮಿದರೆ ಒದ್ದೆಯಾಗುವುದು ತಪ್ಪಲಿಲ್ಲ.

"ಇದೆಲ್ಲಾ ಸುಳ್ಳು," ಎಂದಳು ನೀಲಗಂಗವ್ವನಿಗೆ. "ಕುಂತಲ್ಲೇ ಕುಂತು ಏನೋ ಎಳೀಬೇಕಂತ, ಬಿಡಬೇಕಂತ. ಅದರಿಂದ ಏನ್ ಆಕ್ಕೈತಿ?"

"ಗಾದಿ ಒಂದ ಹೊಲಿಗಿ ಹಾಕಿದ್ರ ಗಟ್ಟಿ ನಿಲ್ಲತೈತೇನು? ಡಾಕ್ಟರಬಾಯಿ ಮೂರ ತಿಂಗಳು ಅಂದಾಳ. ತಿಳೀಲಿಲ್ಲಂದ್ರ ಮತ್ತ ಹೋಗಿ ಕೇಳೂಣು ನಡಿ."

ಮತ್ತೆ ಹೋದರು. ಡಾಕ್ಟರ್ ಮಲಗಿಸಿ, ಎಲ್ಲಿ ಎಳೆಯಬೇಕು ಎಂದು ಇನ್ನೊಮ್ಮೆ ತಿಳಿಸಿಕೊಟ್ಟಳು. ಕೆಮ್ಮು ಬರುತ್ತದೆ ಎನ್ನುವಾಗ ಮೊದಲೇ ಎಳೆದು ಹಿಡಿಯಬೇಕು ಎಂದೂ ಹೇಳಿದಳು. ಅಂದಿನಿಂದ ಅಲ್ಮಾಸಬಿ ಗಾದಿ ಹೊಲಿಯುತ್ತಲೇ ಅದನ್ನು ಮಾಡತೊಡಗಿದಳು. ಹೊರಗಿನವರಿಗೆ ಕಾಣುವಂಥದ್ದಲ್ಲವಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಮಡಿಕೆ ಬಟ್ಟೆ ದಿನಕ್ಕೆ ಒಂದೇ ಸಾಕಾಯಿತು. ಮುಂದೆ ಊರಿಗೆ ಹೋಗುವಾಗ ಮಾತ್ರ ಇಟ್ಟುಕೊಂಡಳು. ಪೂರ್ತಿ ನಿಂತಿತು ಎನ್ನಲಾಗದು. ನೆಗಡಿ ಬಂದು ಸಾಲಾಗಿ ಸೀನಿದರೆ ಈಗಲೂ ಒಂದೆರಡು ಹನಿ ಹೋಗುತ್ತದೆ. ಆದರೆ ಅವಳು ಹೊಟ್ಟೆ ತುಂಬ ನೀರು ಕುಡಿಯುತ್ತಾಳೆ, ಬಸ್ಸು ಹತ್ತುತ್ತಾಳೆ.

ಹತ್ತಿದ ಮೊದಲ ಬಸ್ಸು ಶಿರಹಟ್ಟಿಯದು. ಶೇಖಸಾಬನಿಗೆ ನಾನೇ ಹೇಳುತ್ತೇನೆ ಎಂದ ಮುರ್ತುಜಾ. ಅವಳು ಒಪ್ಪಲಿಲ್ಲ. "ನನ್ನ ಮಾತು ನಾನ ಹೇಳ್ತೀನಿ" ಎಂದಳು. ಗಂಡನನ್ನು ಜೊತೆಗೆ ಕರೆದುಕೊಂಡು ಹೋದಳು.

ಶೇಖಸಾಬ ಕುಂಡ್ರಿ ಎಂದ, ಚಹಾ ತರಿಸಿದ, ಮುಖ ಕೊಟ್ಟು ಮಾತಾಡಲಿಲ್ಲ. ಅಲ್ಮಾಸಬಿ ಹೇಳಿದಳು. ಮೈದುನನ ಎದುರು ಇಂಥ ಮಾತು ಆಡುತ್ತೇನೆ ಎಂದು ಅವಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅವತ್ತು ಮೊಣಕಾಲು ನೋವಿರಲಿಲ್ಲ, ಮೂತ್ರ ತಡೆಯಲು ಆಗುತ್ತಿರಲಿಲ್ಲ, ಆ ಮೈಯಲ್ಲಿ ಜೈತುನಬಿಯನ್ನು ಮುಟ್ಟಲು ಮನಸ್ಸು ಬರಲಿಲ್ಲ ಎಂದಳು. ನೀರು ಬಿಟ್ಟದ್ದು, ಜ್ವರ ಬಂದದ್ದು, ಡಾಕ್ಟರ್ ಹೇಳಿದ್ದು ಎಲ್ಲ ಹೇಳಿದಳು.

ಶೇಖಸಾಬ ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟ.

"ಭಾಬಿ," ಎಂದ, "ಆಕೀನೂ ನೀರು ಕುಡೀತಿರಲಿಲ್ಲ."

ಅಲ್ಮಾಸಬಿ ತಲೆ ಎತ್ತಿ ಅವನನ್ನು ನೋಡಿದಳು.

"ಊಟಕ್ಕ ಕುಂತ್ರ ಒಂದ ಗುಟುಕು. ಜ್ವರ ಬರೂಕಿಂತ ಮೊದಲ ಉರಿತೈತಿ ಉರಿತೈತಿ ಅಂತಿದ್ಲು. ಉಷ್ಣ ಆಗಿರಬೇಕು ಅಂತ ಸಬ್ಜಾ ಬೀಜ ತಂದ ಕೊಟ್ಟಿದ್ನಿ. ಬಟ್ಟಿ ಮುಚ್ಚಿ ಒಣಗಸ್ತಿದ್ಲು, ಯಾಕಂತ ನಾ ಕೇಳಲಿಲ್ಲ. ಹೆಂಗಸರ ವಿಷಯ ಅಂತ ಬಿಟ್ನಿ."

ಜೈತುನಬಿ ಅದರಿಂದಲೇ ಹೋದಳೋ, ಬೇರೆ ಏನಾದರೂ ಇತ್ತೋ, ಈಗ ಹೇಳುವವರು ಯಾರೂ ಇಲ್ಲ. ಅಲ್ಮಾಸಬಿಗೆ ಹೊಳೆದದ್ದು ಬೇರೆ ಮಾತು. ಒಂದೇ ಒಲೆಯ ಮುಂದೆ ಕುಳಿತು ಅತ್ತೆಯ ಮೇಲೆ, ಗಂಡಂದಿರ ಮೇಲೆ, ಮಕ್ಕಳ ಮೇಲೆ ಎಷ್ಟು ಮಾತಾಡಿದ್ದರು ಇಬ್ಬರೂ. ಹಬ್ಬಕ್ಕೆ ಬಂದಾಗೆಲ್ಲ ಒಂದೇ ಗಾದಿಯ ಮೇಲೆ ಮಲಗಿದ್ದರು. ಇದೊಂದನ್ನು ಅವಳೂ ಹೇಳಲಿಲ್ಲ, ಇವಳೂ ಹೇಳಲಿಲ್ಲ. ಯಾರಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ?

ಬಸ್ ನಿಲ್ದಾಣದ ತನಕ ಶೇಖಸಾಬ ಅವರ ಜೊತೆ ನಡೆದುಕೊಂಡು ಬಂದ. ಈದ್‌ಗೆ ಮನೆಗೆ ಬರುತ್ತೇನೆ ಎಂದ.

ಆ ತಿಂಗಳ ಮಹಿಳಾ ಸಂಘದ ಸಭೆಯಲ್ಲಿ ಎಲ್ಲ ವಿಷಯ ಮುಗಿದ ಮೇಲೆ, ಇನ್ನೇನಾದರೂ ಇದೆಯೇ ಎಂದು ಸಂಘದ ಅಧ್ಯಕ್ಷೆ ರೇಣುಕವ್ವ ಕೇಳಿದಾಗ ಅಲ್ಮಾಸಬಿ ಎದ್ದು ನಿಂತಳು. ಪಕ್ಕದಲ್ಲಿ ನೀಲಗಂಗವ್ವನೂ ಎದ್ದಳು. ಒಬ್ಬಳು ತನ್ನದನ್ನು ಹೇಳಿದಳು, ಇನ್ನೊಬ್ಬಳು ತನ್ನದನ್ನು ಹೇಳಿದಳು. ಕುಳಿತ ಹೆಂಗಸರು ನೆಲ ನೋಡಿದರು. ಒಬ್ಬಿಬ್ಬರು ಮುಸಿಮುಸಿ ನಕ್ಕರು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಮಾತು ವ್ಯರ್ಥವಾಯಿತು ಎಂದುಕೊಂಡು ಇಬ್ಬರೂ ಮನೆಗೆ ಬಂದರು.

ಮರುದಿನ ರೊಟ್ಟಿ ಬಡಿಯುವ ಹೊತ್ತಿಗೆ ರೇಣುಕವ್ವನೇ ಬಂದು ಬಾಗಿಲಲ್ಲಿ ನಿಂತಳು. "ಅಕ್ಕಾರ, ಆ ಡಾಕ್ಟರಬಾಯಿ ಎಷ್ಟೊತ್ತಿಗೆ ಸಿಗ್ತಾಳ?" ಎಂದು ಮೆಲ್ಲಗೆ ಕೇಳಿದಳು. ಅವಳು ಹೋಗುವುದರೊಳಗೆ ಇನ್ನೊಬ್ಬಳು ಬಂದಳು. ಸಂಜೆಗೆ ಬಂದವಳು ತನಗಲ್ಲ, ಹರ್ತಿಯಲ್ಲಿರುವ ತನ್ನ ಅವ್ವನಿಗೆ ಎಂದಳು.

ಇದನ್ನು ಓದಿ ಹೇಳುತ್ತಿರುವ ತಂಗಿ, ಕುಳಿತು ಕೇಳುತ್ತಿರುವ ಅವ್ವಂದಿರೇ, ಅಪ್ಪಂದಿರೇ, ಈ ತೊಂದರೆ ನಮ್ಮ ನಿಮ್ಮ ಓಣಿಯಲ್ಲೂ ಇದೆ. ವಯಸ್ಸಾದವರಲ್ಲಿ ಇದು ಬಹಳ ಮಂದಿಗೆ ಬರುತ್ತದೆ. ಆದರೆ ಬಂದದ್ದನ್ನು ಸಹಿಸಿಕೊಂಡೇ ಇರಬೇಕಾಗಿಲ್ಲ. ಸೋರುವುದನ್ನು ತಡೆಯಲು ನೀರು ಬಿಡಬೇಡಿ. ಉರಿ ಇದ್ದರೆ, ಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ, ಕೆಳಗೆ ಏನೋ ಜಾರಿದಂತೆ ಅನ್ನಿಸಿದರೆ, ಮೂತ್ರ ಕಟ್ಟಿದರೆ ಮನೆಮದ್ದು ಮಾಡುತ್ತ ಕೂರಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ನಾಚಿಕೆಯಾದರೆ ಗೆಳತಿಯನ್ನು ಕರೆದುಕೊಂಡು ಹೋಗಿ, ಹೆಣ್ಣು ಡಾಕ್ಟರ್ ಬೇಕು ಎಂದು ಕೇಳಿ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ಹೇಳಿದರೆ ಅವರೂ ಜೊತೆಗೆ ಬರುತ್ತಾರೆ.

ಮಕ್ಕಳೇ, ಸೊಸೆಯರೇ, ಇವತ್ತು ಮನೆಗೆ ಹೋದ ಮೇಲೆ ಹಿರಿಯರನ್ನು ಒಂದು ಮಾತು ಕೇಳಿ, ಬೆಳಗಿನಿಂದ ಎಷ್ಟು ನೀರು ಕುಡಿದಿರಿ ಎಂದು. ನೀರಡಿಕೆಯೇ ಆಗುವುದಿಲ್ಲ ಎಂದು ಅವರು ಹೇಳಿದರೆ ಅಲ್ಲಿಗೇ ಬಿಡಬೇಡಿ. ಪಕ್ಕದಲ್ಲಿ ಕುಳಿತು, ಯಾಕೆ ಎಂದು ಇನ್ನೊಂದು ಸಲ ಕೇಳಿ.